ಫೋನಿನಲ್ಲಿ ಕನ್ನಡ ಮೂಡಿಸುವ ಉಚಿತ ತಂತ್ರಾಂಶವನ್ನು ನೋಡಿಕೊಳ್ಳುವವರು ಯಾರು?

ಉಚಿತವಾಗಿ ಸಿಗುವ ತಂತ್ರಾಂಶದ ಹಿಂದೆ ಯಾವುದಾದರೂ ದೊಡ್ಡ ಕಂಪನಿ ಇದ್ದೇ ಇರುತ್ತದೆ, ಕೆಟ್ಟರೆ ಅವರೇ ಸರಿಮಾಡುತ್ತಾರೆ ಎಂದು ನಮ್ಮಲ್ಲಿ ಬಹಳ ಮಂದಿ ನಂಬಿದ್ದಾರೆ. ಇದು ಅರ್ಧ ಮಾತ್ರ ನಿಜ. ನೀವು ಬೈರಾಪಟ್ಟಣದಲ್ಲಿ ಕೂತು ಆಂಡ್ರಾಯ್ಡ್ ಫೋನಿನಲ್ಲಿ ಈ ಸಾಲು ಓದುತ್ತಿದ್ದರೆ, ಪರದೆಯ ಮೇಲೆ ಈ ಅಕ್ಷರಗಳನ್ನು ಜೋಡಿಸಿಟ್ಟಿರುವುದು ಹಾರ್ಫ್‌ಬಝ್ ಎಂಬ ಉಚಿತ ತಂತ್ರಾಂಶ. ಆಂಡ್ರಾಯ್ಡ್ ಅಲ್ಲದೆ ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಕೂಡ ಇದನ್ನು ನಂಬಿಕೊಂಡಿವೆ.

ಅದು ಮಾಡುವ ಕೆಲಸ ಸಣ್ಣದೇನಲ್ಲ. ‘ರಾಷ್ಟ್ರ’ ಎಂದು ನೀವು ಟೈಪ್ ಮಾಡಿದರೆ ಫೋನಿನೊಳಗೆ ಉಳಿಯುವುದು ಬಿಡಿಬಿಡಿಯಾದ ಏಳು ಸಂಕೇತಗಳು: ರ, ದೀರ್ಘದ ಗುರುತು, ಷ, ಹಲಂತದ ಗುರುತು, ಟ, ಇನ್ನೊಂದು ಹಲಂತ, ಕೊನೆಗೊಂದು ರ. ಯಾವ ಅಕ್ಷರ ಮೇಲಿರಬೇಕು, ಯಾವುದು ಒತ್ತಾಗಿ ಕೆಳಗಿಳಿಯಬೇಕು ಎಂದು ಫಾಂಟಿನ ಜೊತೆ ಸೇರಿ ತೀರ್ಮಾನಿಸುವುದು ಹಾರ್ಫ್‌ಬಝ್. ಅದು ತಪ್ಪಿದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿ. ಕೋಟ್ಯಂತರ ಫೋನುಗಳಲ್ಲಿರುವ ಇದರ ಹೆಚ್ಚಿನ ಕೆಲಸವನ್ನು ಮಾಡಿರುವವರು ಬೆಹದಾದ್ ಎಸ್ಫಹ್‌ಬೋದ್, ಖಾಲಿದ್ ಹೊಸ್ನಿ ಮೊದಲಾದ ಬೆರಳೆಣಿಕೆಯ ಜನ.

ಇಂಥದನ್ನು ಓಪನ್ ಸೋರ್ಸ್ ಎನ್ನುತ್ತಾರೆ. ಬರೆದ ಕೋಡ್ ಎಲ್ಲರಿಗೂ ತೆರೆದಿರುತ್ತದೆ. ಯಾರು ಬೇಕಾದರೂ ಓದಬಹುದು, ಬಳಸಬಹುದು, ತಿದ್ದಿ ಹಂಚಬಹುದು. ಆದರೆ ಬಂದ ತಿದ್ದುಪಡಿಯನ್ನು ಓದಿ, ಸರಿಯಿದ್ದರೆ ಸೇರಿಸಿ, ಹೊಸ ಆವೃತ್ತಿ ಹೊರಡಿಸಲು ಒಬ್ಬರು ಬೇಕೇ ಬೇಕು. ಹಳೇ ಮೈಸೂರಿನ ಕೆರೆಗಳಿಗೆ ನೀರುಗಂಟಿ ಇದ್ದಂತೆ ಇದು. ಕೆರೆ ಊರಿನದು, ತೂಬು ತೆಗೆದು ಮುಚ್ಚುವವನು ನೀರುಗಂಟಿ. ಅವನಿಗೆ ಕೊಯ್ಲಿನ ಹೊತ್ತಿಗೆ ರೈತರು ಇಂತಿಷ್ಟು ದವಸ ಕೊಡುವ ಪದ್ಧತಿಯಾದರೂ ಇತ್ತು. ತಂತ್ರಾಂಶದ ನೀರುಗಂಟಿಗಳಲ್ಲಿ ಬಹುತೇಕರಿಗೆ ಅದೂ ಇಲ್ಲ. ಹಗಲು ಬೇರೆ ಉದ್ಯೋಗ, ರಾತ್ರಿ ಈ ಕೆಲಸ.

ಕನ್ನಡದ ಮಟ್ಟಿಗೆ ಈ ಕೊರತೆ ಇನ್ನೂ ಹೆಚ್ಚು. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಪಠ್ಯವನ್ನು ವಾಟ್ಸಾಪಿಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು ಬರುವುದನ್ನು ನೀವೂ ನೋಡಿರಬಹುದು. ಅದನ್ನು ಯೂನಿಕೋಡ್ ಕನ್ನಡಕ್ಕೆ ತಿರುಗಿಸುವ ಒಂದು ಮುಕ್ತ ಪರಿವರ್ತಕವನ್ನು ಬರೆದವರು ಅರವಿಂದ ವಿ.ಕೆ. ‘ಗುಬ್ಬಿ’ ಮತ್ತು ಕೈಬರಹದಂತೆ ಕಾಣುವ ‘ನವಿಲು’ ಎಂಬ ಮುಕ್ತ ಫಾಂಟುಗಳೂ ಅವರವೇ. ಇಷ್ಟು ದೊಡ್ಡ ಭಾಷೆಯ ಮುಖ್ಯ ಸಾಧನಗಳಲ್ಲಿ ಮತ್ತೆ ಮತ್ತೆ ಅದೇ ನಾಲ್ಕಾರು ಹೆಸರು ಕಾಣುವುದು ಅವರಿಗೆ ಹೆಮ್ಮೆಯ ವಿಷಯ, ನಮಗೆ ಚಿಂತೆಯದು.

ಯಾರೂ ನೋಡದಿದ್ದರೆ ಏನಾಗುತ್ತದೆ?

ಬ್ಯಾಂಕು, ಇಮೇಲ್ ಎಲ್ಲೆಡೆ ಗುಟ್ಟು ಕಾಪಾಡುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ 2014ರ ಏಪ್ರಿಲ್‌ನಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೊಡ್ಡ ದೋಷ ಹೊರಬಂತು. ಜಗತ್ತಿನ ವ್ಯವಹಾರವೆಲ್ಲ ನಂಬಿದ್ದ ಅದಕ್ಕೆ ಆಗ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಕೋಡ್ ತೆರೆದಿದೆ, ಎಷ್ಟೋ ಜನ ನೋಡುತ್ತಾರೆ, ಆದ್ದರಿಂದ ಸುರಕ್ಷಿತ ಎಂಬ ನಂಬಿಕೆ ಎಷ್ಟು ಟೊಳ್ಳು ಎಂದು ಅಂದು ಗೊತ್ತಾಯಿತು. ನೋಡಬಹುದು ಎಂಬುದಕ್ಕೂ ನೋಡುತ್ತಾರೆ ಎಂಬುದಕ್ಕೂ ಬಹಳ ಅಂತರ.

ಎಕ್ಸ್‌ಝಡ್ ಕಥೆ ಇದಕ್ಕಿಂತ ಕೆಟ್ಟದು. ಕಡತಗಳನ್ನು ಕುಗ್ಗಿಸುವ ಈ ಪುಟ್ಟ ತಂತ್ರಾಂಶವನ್ನು ಫಿನ್‌ಲ್ಯಾಂಡಿನ ಲಾಸ್ಸೆ ಕೊಲಿನ್ ವರ್ಷಗಟ್ಟಲೆ ಸಂಬಳವಿಲ್ಲದೆ ನೋಡಿಕೊಂಡಿದ್ದರು. 2021ರಿಂದ ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಯಾರೋ ನೆರವು ಕಳಿಸತೊಡಗಿದರು. ಕೆಲಸ ಚೆನ್ನಾಗಿಯೇ ಇತ್ತು. 2022ರಲ್ಲಿ ಬೇರೆ ಕೆಲವು ಅಪರಿಚಿತ ಹೆಸರುಗಳು ಬಂದು, ಕೆಲಸ ನಿಧಾನವಾಗಿದೆ, ಬೇರೆಯವರಿಗೆ ಬಿಟ್ಟುಕೊಡಿ ಎಂದು ಒತ್ತಾಯಿಸಿದವು. ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲ, ಇದು ಹವ್ಯಾಸಕ್ಕೆ ಮಾಡುವ ಕೆಲಸ ಎಂದು ಕೊಲಿನ್ ಹೇಳಿಕೊಂಡರು. ಕೊನೆಗೆ ಆ ಸಹಾಯಕನಿಗೆ ಅಧಿಕಾರ ಸಿಕ್ಕಿತು. 2024ರಲ್ಲಿ ಹೊಸ ಆವೃತ್ತಿಯೊಳಗೆ ಒಂದು ಕಳ್ಳಬಾಗಿಲು ಬಂದು ಕೂತಿತು. ಆ ಆವೃತ್ತಿ ಎಲ್ಲೆಡೆ ಹರಡಿದ್ದರೆ ಲೆಕ್ಕವಿಲ್ಲದಷ್ಟು ಸರ್ವರುಗಳ ಒಳಗೆ ಹೊರಗಿನವರು ನುಗ್ಗಬಹುದಿತ್ತು.

ಅದನ್ನು ಹಿಡಿದದ್ದು ಯಾವ ಭದ್ರತಾ ಸಂಸ್ಥೆಯೂ ಅಲ್ಲ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ತಮ್ಮ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಯಾಕೆ ಎಂದು ಕೆದಕುತ್ತಾ ಹೋಗಿ 2024ರ ಮಾರ್ಚ್ 29ರಂದು ವಿಷಯ ಬಯಲು ಮಾಡಿದರು. ಜಿಯಾ ಟಾನ್ ಆಮೇಲೆ ಪತ್ತೆಯಿಲ್ಲ. ದಣಿದ ಮನುಷ್ಯನೊಬ್ಬನಿಗೆ ಬೇರಾರೂ ನಿಜವಾದ ನೆರವು ಕೊಡದೆ ಇದ್ದ ಜಾಗದಲ್ಲೇ ಕಳ್ಳ ನೆರವು ನುಸುಳಿತು ಎಂಬುದನ್ನು ಗಮನಿಸಬೇಕು.

ಎಲ್ಲ ನೆರವೂ ನೆರವಲ್ಲ

ಹಾಗಾದರೆ ಹೆಚ್ಚು ಜನ ಸೇರಿದರೆ ಆಯಿತಲ್ಲ ಎನ್ನಬಹುದು. 2020ರ ಅಕ್ಟೋಬರ್‌ನಲ್ಲಿ ಅದೂ ಆಯಿತು. ಓಪನ್ ಸೋರ್ಸಿಗೆ ನಾಲ್ಕು ತಿದ್ದುಪಡಿ ಕಳಿಸಿದವರಿಗೆ ಟೀ ಶರ್ಟ್ ಕೊಡುವ ‘ಹ್ಯಾಕ್ಟೋಬರ್‌ಫೆಸ್ಟ್’ ವೇಳೆ ಕಸದಂಥ ತಿದ್ದುಪಡಿಗಳ ಪ್ರವಾಹವೇ ಬಂತು. ಸುಮ್ಮನೆ ಒಂದು ಪದ ಸೇರಿಸಿ ಕಳಿಸಿದವರೇ ಹೆಚ್ಚು. ಅವರಲ್ಲಿ ಹಲವರು ನಮ್ಮ ದೇಶದ ಒಂದು ಜನಪ್ರಿಯ ಯೂಟ್ಯೂಬ್ ವಿಡಿಯೊ ತೋರಿಸಿದ್ದನ್ನೇ ನಕಲು ಮಾಡಿದ್ದರು. ಒಂದೊಂದನ್ನೂ ತೆರೆದು ಓದಿ ಮುಚ್ಚುವಷ್ಟರಲ್ಲಿ ನಿರ್ವಾಹಕರಿಗೆ ಸಾಕುಸಾಕಾಯಿತು. ಕೊನೆಗೆ ಆಯೋಜಕರು, ಒಪ್ಪಿದ ಯೋಜನೆಗಳಿಗೆ ಮಾತ್ರ ಕಳಿಸಬೇಕೆಂದು ನಿಯಮ ಬದಲಿಸಿದರು. ಪರಿಶೀಲಿಸದೆ ಬಂದ ಫಾರ್ವರ್ಡ್ ಗುಂಪಿನಲ್ಲಿರುವವರ ಹೊತ್ತು ತಿನ್ನುವ ಹಾಗೆಯೇ ಇದು.

ನಿರ್ವಾಹಕರ ಬಳಿ ಅತಿ ಕಡಿಮೆ ಇರುವುದು ಸಮಯ. ಅದನ್ನು ಉಳಿಸಿದರೆ ನೆರವು, ತಿಂದರೆ ಹೊರೆ. ಹೀಗೆ ನೋಡಿದರೆ ಕೋಡ್ ಬರೆಯಲು ಬಾರದವರೂ ಮಾಡಬಹುದಾದದ್ದು ಬಹಳಷ್ಟಿದೆ.

ಒಂದು ಉದಾಹರಣೆ ನೋಡೋಣ. ‘ಸೂರ್ಯ’ ಎಂಬಲ್ಲಿ ರಕಾರ ಅರ್ಕಾವತ್ತಾಗುತ್ತದೆ, ಅದೇ ಸರಿ. ಆದರೆ ‘ರ‍್ಯಾಂಕ್’ ಎಂದು ಬರೆಯುವಾಗ ರ ಮೇಲಿರಬೇಕು, ಯ ಒತ್ತಾಗಬೇಕು. ಅದಕ್ಕಾಗಿ ರಕಾರದ ನಂತರ ಕಣ್ಣಿಗೆ ಕಾಣದ ಒಂದು ಜೋಡಣೆ ಸಂಕೇತ ಹಾಕಬೇಕು. ಕೀಬೋರ್ಡ್ ಅದನ್ನು ಹಾಕದಿದ್ದರೆ, ಫಾಂಟ್ ಅದನ್ನು ಅರಿಯದಿದ್ದರೆ ಪದ ಬೇರೆಯಾಗಿ ಕಾಣುತ್ತದೆ. ಕೆಲವೊಮ್ಮೆ ಹುಡುಕಿದರೂ ಸಿಗುವುದಿಲ್ಲ. ಕನ್ನಡ ಓದಲು ಬಾರದ ಪರದೇಶದ ಪ್ರೋಗ್ರಾಮರ್‌ಗೆ ಈ ತಪ್ಪು ಕಾಣುವುದೇ ಇಲ್ಲ. ಏಳನೇ ತರಗತಿ ಓದಿದ ನಮ್ಮೂರಿನವರಿಗೆ ತಟ್ಟನೆ ಕಾಣುತ್ತದೆ.

ಕಂಡದ್ದನ್ನು ಹೇಳುವ ರೀತಿಯೂ ಮುಖ್ಯ. ‘ದರಿದ್ರ ಆಪ್’ ಎಂದು ಪ್ಲೇ ಸ್ಟೋರಿನಲ್ಲಿ ಒಂದು ಸ್ಟಾರ್ ಕೊಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ. ಯಾವ ಫೋನ್, ಯಾವ ಆಂಡ್ರಾಯ್ಡ್ ಆವೃತ್ತಿ, ಏನು ಒತ್ತಿದಿರಿ, ಏನು ಬರಬೇಕಿತ್ತು, ಏನು ಬಂತು, ಜೊತೆಗೊಂದು ಸ್ಕ್ರೀನ್‌ಶಾಟ್. ಇಷ್ಟಿದ್ದರೆ ನಿರ್ವಾಹಕರ ಒಂದು ಸಂಜೆ ಉಳಿಯಬಹುದು. ಅಗ್ಗದ ಹಳೆಯ ಫೋನ್ ಇರುವವರು ಪರೀಕ್ಷಿಸಿ ಹೇಳಿದರೆ ಇನ್ನೂ ಒಳ್ಳೆಯದು, ಯಾಕೆಂದರೆ ಬರೆದವರ ಬಳಿ ಅಂಥ ಫೋನ್ ಇರುವುದು ಕಡಿಮೆ.

ಕೋಡ್ ಬರೆಯಬಲ್ಲ ವಿದ್ಯಾರ್ಥಿಗಳಿಗೂ ಒಂದು ಮಾತು. ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಹೊಸದಾಗಿ ಇನ್ನೊಂದು ಕನ್ನಡ ಕೀಬೋರ್ಡ್ ಮಾಡಿ ಪರೀಕ್ಷೆ ಮುಗಿದ ಮೇಲೆ ಕೈಬಿಡುವುದಕ್ಕಿಂತ, ಇರುವುದರಲ್ಲಿ ಎರಡು ದೋಷ ತಿದ್ದುವುದು ದೊಡ್ಡ ಕೆಲಸ ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಅಂಕ ಕೊಡುವ ಮೇಷ್ಟ್ರುಗಳೂ ಬೇಕು ಅನ್ನಿ.

ಸರಿಯಾದ ನೆರವು ಸೇರಿದರೆ ಏನಾಗುತ್ತದೆ ಎಂಬುದಕ್ಕೆ ‘ಅಲರ್’ ಸಾಕ್ಷಿ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ಅದು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದ, 2,40,000ಕ್ಕೂ ಹೆಚ್ಚು ಅರ್ಥ. ಅದಕ್ಕೆ ಬೇಕಾದ ತಂತ್ರಾಂಶವನ್ನು, ಮಲಯಾಳಂ ನಿಘಂಟು ‘ಓಳಂ’ ಮಾಡಿ ಅನುಭವವಿದ್ದ ಕೈಲಾಶ್ ನಾಧ್ ಒದಗಿಸಿದರು. 2019ರಲ್ಲಿ ನಿಘಂಟಿನ ಸಂಗ್ರಹವೆಲ್ಲ ಮುಕ್ತ ಪರವಾನಗಿಯಲ್ಲಿ ಹೊರಬಂತು. ಪದ ಒಬ್ಬರದು, ಯಂತ್ರ ಇನ್ನೊಬ್ಬರದು. ಇಬ್ಬರೂ ಮತ್ತೊಬ್ಬರ ಕೆಲಸ ಕಲಿಯಲು ಹೋಗಲಿಲ್ಲ.

ಇನ್ನು ಹಣದ ವಿಷಯ. 2020ರಲ್ಲಿ ಶುರುವಾದ ಬೆಂಗಳೂರಿನ ಫಾಸ್ ಯುನೈಟೆಡ್ ಸಂಸ್ಥೆ ಇಂಥ ಯೋಜನೆಗಳಿಗೆ ಅನುದಾನ ಕೊಡುತ್ತದೆ. ಝೆರೋಧಾ ಕಂಪನಿ 2024ರಲ್ಲಿ ವರ್ಷಕ್ಕೆ 10 ಲಕ್ಷ ಡಾಲರ್ ಮೀಸಲಿಟ್ಟು ‘ಫ್ಲಾಸ್ ಫಂಡ್’ ತೆರೆಯಿತು. ಒಂದು ಯೋಜನೆಗೆ 10,000ದಿಂದ 1 ಲಕ್ಷ ಡಾಲರ್‌ವರೆಗೆ ಸಿಗಬಹುದು. ಆದರೆ ತಾನು ಯಾರು, ಎಷ್ಟು ಹಣ ಬೇಕು ಎಂದು ಯೋಜನೆಯೇ ಒಂದು ಕಡತದಲ್ಲಿ ಬರೆದಿಟ್ಟು ಅರ್ಜಿ ಹಾಕಬೇಕು. ನೆರವು ಬೇಕು ಎಂದು ಬಾಯಿಬಿಟ್ಟು ಕೇಳುವ ಸಂಕೋಚ ನಮ್ಮ ಕಡೆ ಸ್ವಲ್ಪ ಜಾಸ್ತಿಯೇ. ಬೇಕಾದ ಕೆಲಸ ಯಾವುದು, ಎಷ್ಟು ಹೊತ್ತಿನದು ಎಂದು ನಿರ್ವಾಹಕರು ಬರೆದಿಟ್ಟರೆ ಬರುವವರಿಗೂ ದಾರಿ ಕಾಣುತ್ತದೆ.

ನೀವೇ ನೂರಿನ್ನೂರು ರೂಪಾಯಿ ಕೊಡಬೇಕೆಂದಿದ್ದರೆ, ಆ ತಂತ್ರಾಂಶದ ಸ್ವಂತ ಜಾಲತಾಣದಲ್ಲಿರುವ ದೇಣಿಗೆ ಪುಟದಿಂದಲೇ ಕೊಡಿ. ‘ಕನ್ನಡ ಆಪ್ ಉಳಿಸಿ’ ಎಂದು ಯುಪಿಐ ಕ್ಯೂಆರ್ ಕೋಡ್ ಹಾಕಿದ ಫಾರ್ವರ್ಡ್ ಬಂದರೆ ಅದನ್ನು ಸ್ಕ್ಯಾನ್ ಮಾಡಬೇಡಿ. ನಿಜವಾದ ಯೋಜನೆಯಾಗಿದ್ದರೆ ಅದರ ದೇಣಿಗೆ ವಿವರ ಜಾಲತಾಣದಲ್ಲೇ ಇರುತ್ತದೆ.