ನಮ್ಮ ಸಾಲ, ಪರದೇಶದ ಉಳಿತಾಯ

ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದಲ್ಲಿ ಕಡಲಿಲ್ಲ. ಜೀವನದಿಯಿಲ್ಲದ ಕೋಲಾರ ಸೀಮೆಯಲ್ಲಿ ಸಮುದ್ರವೆಂದರೆ ಕೆರೆ. ಕಳೆದ ಬಾರಿ ಆ ಊರಿಗೆ ನನ್ನೊಡನೆ ಬಂದಿದ್ದ, ಅಮೆರಿಕದಲ್ಲಿ ನೆಲೆಸಿರುವ ಸೋದರಳಿಯ ತನ್ನ ಉಳಿತಾಯದ ವಿವರವನ್ನು ಮೊಬೈಲಿನಲ್ಲಿ ತೋರಿಸಿದ. ಉದಯೋನ್ಮುಖ ರಾಷ್ಟ್ರಗಳ ಸರ್ಕಾರಿ ಸಾಲಪತ್ರಗಳನ್ನು ಕೊಳ್ಳುವ ಇಟಿಎಫ್, ಅಂದರೆ ಷೇರಿನಂತೆಯೇ ಪೇಟೆಯಲ್ಲಿ ಮಾರಾಟವಾಗುವ ನಿಧಿಯೊಂದು ಅದರಲ್ಲಿತ್ತು. ಬ್ರೆಜಿಲ್, ಮೆಕ್ಸಿಕೊ, ಇಂಡೊನೇಷ್ಯಾಗಳ ಜೊತೆಗೆ ಭಾರತದ ಹೆಸರೂ ಇತ್ತು. ‘ನಿಮ್ಮ ಸರ್ಕಾರಕ್ಕೆ ನಾನೂ ಸಾಲ ಕೊಟ್ಟಿದ್ದೇನೆ ಮಾವ’ ಎಂದು ನಕ್ಕ.

ನಗೆಮಾತಾದರೂ ಸುಳ್ಳಲ್ಲ. ಆಯ್ದ ಸಾಲಪತ್ರಗಳಲ್ಲಿ ವಿದೇಶಿ ಹೂಡಿಕೆಗಿದ್ದ ಮಿತಿಯನ್ನು ರಿಸರ್ವ್ ಬ್ಯಾಂಕ್ 2020ರಲ್ಲಿ ತೆಗೆದುಹಾಕಿತು. 2024ರ ಜೂನ್ 28ರಂದು ಜೆ.ಪಿ. ಮಾರ್ಗನ್ ಸಂಸ್ಥೆಯ ಉದಯೋನ್ಮುಖ ಮಾರುಕಟ್ಟೆ ಸೂಚ್ಯಂಕದಲ್ಲಿ ಭಾರತಕ್ಕೆ ಸ್ಥಾನ ದೊರೆಯಿತು; ತಿಂಗಳಿಗೆ ಶೇ 1ರಂತೆ ಏರಿ 2025ರ ಮಾರ್ಚ್ ವೇಳೆಗೆ ಶೇ 10ನ್ನು ಮುಟ್ಟಿತು. ಈ ಸೂಚ್ಯಂಕವನ್ನು ಅನುಸರಿಸುವ ನಿಧಿಗಳು ಅದೇ ಪ್ರಮಾಣದಲ್ಲಿ ನಮ್ಮ ಸಾಲಪತ್ರಗಳನ್ನು ಕೊಳ್ಳಬೇಕಾಗುತ್ತದೆ.

ಇದನ್ನು ಸ್ವಾಗತಿಸಬೇಕು. ಕೊಳ್ಳುವವರು ಹೆಚ್ಚಿದಷ್ಟೂ ಸರ್ಕಾರ ತೆರುವ ಬಡ್ಡಿ ತಗ್ಗುತ್ತದೆ. 2025-26ರ ಕೇಂದ್ರ ಬಜೆಟ್ ಅಂದಾಜಿನ 50.65 ಲಕ್ಷ ಕೋಟಿ ರೂಪಾಯಿ ವೆಚ್ಚದಲ್ಲಿ ಬಡ್ಡಿಯೊಂದೇ 12.76 ಲಕ್ಷ ಕೋಟಿ. ಸೇವೆಯಲ್ಲಿದ್ದಾಗ ಬಜೆಟ್ ಕಡತಗಳಲ್ಲಿ ನಾನು ಕಂಡದ್ದೂ ಇದನ್ನೇ: ಶಾಲೆ, ಕೆರೆಗಳ ಬೇಡಿಕೆಗೆ ಕತ್ತರಿ ಹಾಕಬಹುದು, ಬಡ್ಡಿಗೆ ಹಾಕಲಾಗದು. ಸಾಲವು ರೂಪಾಯಿಯಲ್ಲೇ ಇರುವುದರಿಂದ ವಿನಿಮಯದ ನಷ್ಟವೂ ನಮ್ಮದಲ್ಲ. 2024ರ ಜೂನ್‌ನಲ್ಲಿ ಸುಮಾರು 83 ರೂಪಾಯಿಯಿದ್ದ ಡಾಲರ್ 2025ರ ಡಿಸೆಂಬರ್‌ನಲ್ಲಿ 90ನ್ನು ದಾಟಿತು. ಸುಮಾರು ಶೇ 7ರ ವಾರ್ಷಿಕ ಬಡ್ಡಿಯ ಆಸೆಯಿಂದ ಬಂದ ಅಳಿಯನ ಗಳಿಕೆಯ ಬಹುಭಾಗವನ್ನು ವಿನಿಮಯ ದರವೇ ನುಂಗಿತು. 2019ರ ಬಜೆಟ್ಟಿನಲ್ಲಿ ಪ್ರಸ್ತಾಪವಾದಂತೆ ವಿದೇಶಿ ಕರೆನ್ಸಿಯಲ್ಲೇ ಸಾಲ ಎತ್ತಿದ್ದರೆ ಆ ಹೊರೆ ನಮ್ಮ ಮೇಲೆ ಬೀಳುತ್ತಿತ್ತು.

ಆದರೆ ಈ ಹಣದ ಸ್ವಭಾವವನ್ನು ಮರೆಯಲಾಗದು. ವಿದೇಶಿ ಬಂಡವಾಳ ಕೋಲಾರ ಜಿಲ್ಲೆಗೆ ಹೊಸತಲ್ಲ. ಜಾನ್ ಟೇಲರ್ ಕಂಪನಿ 1880ರ ದಶಕದಲ್ಲಿ ಚಿನ್ನದ ಗಣಿಗೆ ತಂದದ್ದೂ ಲಂಡನ್ನಿನ ಹಣವೇ. ಲಾಭ ಹಡಗೇರಿತು, ನಿಜ. ಆದರೆ ನೆಲದಡಿ ಇಳಿದ ಬಂಡವಾಳ ಒಂದೇ ದಿನದಲ್ಲಿ ಎದ್ದು ಹೋಗುವಂತಿರಲಿಲ್ಲ. ಇಟಿಎಫ್ ಹಣಕ್ಕೆ ಆ ಕಟ್ಟಿಲ್ಲ. ನ್ಯೂಯಾರ್ಕಿನಲ್ಲಿ ಹೂಡಿಕೆದಾರರು ಬೆದರಿ ಹಣ ಹಿಂತೆಗೆದರೆ, ನಮ್ಮ ತಪ್ಪಿಲ್ಲದಿದ್ದರೂ ನಿಧಿಯು ನಮ್ಮ ಸಾಲಪತ್ರವನ್ನು ಮಾರಬೇಕಾಗುತ್ತದೆ. 2013ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಹಣದ ಹರಿವು ತಗ್ಗಿಸುವ ಸೂಚನೆ ಕೊಟ್ಟದ್ದೇ ತಡ, ಡಾಲರ್ ಬೆಲೆ ಆಗಸ್ಟ್ ವೇಳೆಗೆ 68 ರೂಪಾಯಿಯನ್ನು ದಾಟಿತ್ತು. ಉಕ್ರೇನ್ ಯುದ್ಧದ ಬೆನ್ನಲ್ಲೇ 2022ರ ಮಾರ್ಚ್‌ನಲ್ಲಿ ರಷ್ಯಾವನ್ನು ಸೂಚ್ಯಂಕದಿಂದ ಕೈಬಿಡಲಾಯಿತು.

ಹಾಗಾದರೆ ರಕ್ಷೆ ಯಾವುದು? ದೇಶದೊಳಗಿನ ಉಳಿತಾಯವೇ. 2021ರ ನವೆಂಬರ್‌ನಲ್ಲಿ ಆರಂಭವಾದ ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ಯೋಜನೆಯಡಿ ಕನಿಷ್ಠ 10 ಸಾವಿರ ರೂಪಾಯಿಗೆ ಯಾರು ಬೇಕಾದರೂ ಕೇಂದ್ರ, ರಾಜ್ಯಗಳ ಸಾಲಪತ್ರ ಕೊಳ್ಳಬಹುದು. ಬಡ್ಡಿದರ ಏರಿದಾಗ ಇವುಗಳ ಪೇಟೆ ಬೆಲೆ ಇಳಿಯುತ್ತದೆ; ಅವಧಿ ಮುಗಿಯುವವರೆಗೆ ಕಾಯಬಲ್ಲವರಿಗೆ ಅದರ ಭಯವಿಲ್ಲ. ಆದರೂ ನಿವೃತ್ತರ ಮನೆಗಳಲ್ಲಿ ಠೇವಣಿಯ ಮಾತೇ ಹೊರತು ಸಾಲಪತ್ರದ ಮಾತಿಲ್ಲ. ಅಳಿಯನ ಮೊಬೈಲ್ ನೋಡುವವರೆಗೆ ನನ್ನ ಮನೆಯೂ ಅದಕ್ಕೆ ಹೊರತಾಗಿರಲಿಲ್ಲ.

ಹೊರಗಿನ ನೀರು ಬಂದರೆ ಕೆರೆ ಬೇಗ ತುಂಬುತ್ತದೆ. ಆದರೆ ಅದು ಬಾರದ ವರ್ಷವೂ ಬೆಳೆ ಉಳಿಯಬೇಕಾದರೆ ಊರಿನ ಮಳೆನೀರೂ ಕೆರೆಯಲ್ಲಿ ನಿಂತಿರಬೇಕು.