ಹಾಲುಹಲ್ಲು ಹೇಳುವ ಮಿದುಳಿನ ಕಥೆ

ಯಳವತ್ತಿಯಂಥ ಊರುಗಳಲ್ಲಿ ಬಿದ್ದ ಹಾಲುಹಲ್ಲನ್ನು ಸಗಣಿಯಲ್ಲಿ ಸುತ್ತಿ ಮಾಳಿಗೆಯ ಮೇಲೆ ಎಸೆಯುವುದುಂಟು. ಅದರ ತಿರುಳಿನಲ್ಲಿ ಆಕರಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು ಇವೆಯೆಂದು 2003ರಲ್ಲಿ ತಿಳಿದುಬಂತು.

ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸಾಮಾನ್ಯವಾಗಿ 21ನೇ ವರ್ಣತಂತು ಎರಡರ ಬದಲು ಮೂರಿರುತ್ತದೆ. ಈ ಹೆಚ್ಚುವರಿ ತಂತು ಮಿದುಳಿನಲ್ಲಿ ಮಾಡುವುದೇನು? ನೋಡಲೆಂದು ಮಗುವಿನ ಮಿದುಳಿನಿಂದ ಕೋಶ ತೆಗೆಯಲಾದೀತೆ? ಹಲ್ಲಾದರೋ ತಾನಾಗಿಯೇ ಬೀಳುತ್ತದೆ. ಅದರ ತಿರುಳೂ ಭ್ರೂಣದಲ್ಲಿ ನರಮಂಡಲದ ಅಂಚಿನ ಕೋಶಗಳಿಂದಲೇ ಮೂಡಿದ್ದು. ಜಪಾನಿನ ಕ್ಯೂಶು ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಮಕ್ಕಳ ಹಲ್ಲಿನ ಆಕರಕೋಶಗಳನ್ನು ನರಕೋಶಗಳಾಗಿ ಬೆಳೆಸಿದರು. ಅವುಗಳ ಮೈಟೋಕಾಂಡ್ರಿಯಗಳ ಕೆಲಸ ಕುಂದಿರುವುದನ್ನು 2022ರಲ್ಲಿ ವರದಿ ಮಾಡಿದರು.

ಇದು ಔಷಧವಲ್ಲ, ಅರಿವಿನ ಮೊದಲ ಮೆಟ್ಟಿಲು. ಹೆಚ್ಚುವರಿ ತಂತು ಹೆತ್ತವರ ತಪ್ಪಿನ ಫಲವೂ ಅಲ್ಲ. ಔಷಧಕ್ಕೆ ಕಾಯದೆ ಮಗುವಿಗೆ ಇಂದೇ ಕೊಡಬಹುದಾದದ್ದು ಬೇಗ ಆರಂಭಿಸುವ ಮಾತಿನ ತರಬೇತಿ, ಶಾಲೆ ಮತ್ತು ತಾಳ್ಮೆ.