ವಿದೇಶದಲ್ಲಿ ಕಾಯಂ ವಾಸಕ್ಕೆ ಅರ್ಜಿ ಹಾಕುವ ಎಂಜಿನಿಯರುಗಳ ಪರವಾಗಿ ಮನವಿ ಪತ್ರ

ವಿಜಯನಗರ, ಮೈಸೂರು
ದಿನಾಂಕ: 27-10-2025

ಇವರಿಗೆ,
ಮಾನ್ಯ ಉಪಾಧ್ಯಕ್ಷರು,
ಅನಿವಾಸಿ ಭಾರತೀಯ ಸಮಿತಿ, ಕರ್ನಾಟಕ ಸರ್ಕಾರ, ಬೆಂಗಳೂರು

ಮೂಲಕ: ಮಾನ್ಯ ಜಿಲ್ಲಾಧಿಕಾರಿಗಳು, ಮೈಸೂರು ಜಿಲ್ಲೆ

ಇವರಿಂದ: ವಿಜಯನಗರದ ನಾಲ್ಕೂ ಹಂತಗಳ, ಈ ಕೆಳಗೆ ಸಹಿ ಮಾಡಿರುವ ನಿವಾಸಿಗಳು

ವಿಷಯ: ಹೊರದೇಶಗಳಲ್ಲಿ ಪಿಆರ್‌ಗೆ, ಅಂದರೆ ಕಾಯಂ ವಾಸಕ್ಕೆ, ಅರ್ಜಿ ಹಾಕುವ ಎಂಜಿನಿಯರುಗಳಿಗೆ ನಮ್ಮ ರಾಜ್ಯದ ಮಟ್ಟದಲ್ಲೇ ಎದುರಾಗುವ ದಾಖಲೆಗಳ ತೊಡಕು ಮತ್ತು ಕನ್ಸಲ್ಟೆನ್ಸಿಗಳ ವಂಚನೆಯನ್ನು ನಿವಾರಿಸಲು ಕೋರಿ.

ಮಾನ್ಯರೇ,

ಸಂಜೆ ಹೊತ್ತು ಯೋಗಾನರಸಿಂಹಸ್ವಾಮಿ ದೇವಸ್ಥಾನದ ಕಡೆ ನಡೆದುಬರುವ ನಮ್ಮಂಥ ವಯಸ್ಸಾದವರ ನಡುವೆ ಈಗ ಊಟ ಆಯಿತೇ ಎನ್ನುವ ಬದಲು ‘ಪಿಆರ್ ಬಂತಾ?’ ಎಂದು ಕೇಳುವುದು ರೂಢಿಯಾಗಿದೆ. ಮುಡಾ ಸೈಟಿನಲ್ಲಿ ಸಾಲ ಮಾಡಿ ಮನೆ ಕಟ್ಟಿಕೊಂಡವರು ನಾವು. ಮಕ್ಕಳನ್ನು ಎನ್‌ಐಇ, ಎಸ್‌ಜೆಸಿಇ, ವಿದ್ಯಾವರ್ಧಕ ಕಾಲೇಜುಗಳಲ್ಲಿ ಓದಿಸಿದೆವು. ಕೆಲವರು ಪಕ್ಕದ ಹೆಬ್ಬಾಳದಲ್ಲೇ ಕೆಲಸಕ್ಕೆ ಸೇರಿದರು, ಕೆಲವರು ಬೆಂಗಳೂರಿಗೆ ಹೋದರು. ಅಲ್ಲಿಂದ ಕೆನಡಾ, ಆಸ್ಟ್ರೇಲಿಯಾ, ಜರ್ಮನಿ, ಅಮೆರಿಕ. ಮಕ್ಕಳು ಹೋಗಬೇಕಿತ್ತೇ ಬೇಡವಿತ್ತೇ ಎಂಬ ಜಗಳ ನಮ್ಮ ನಮ್ಮ ಮನೆಯೊಳಗೇ ಮುಗಿದಿಲ್ಲ. ಅದನ್ನು ತಮ್ಮ ಮುಂದೆ ತರುವುದಿಲ್ಲ.

ಪಿಆರ್ ಕೊಡುವುದು ಬಿಡುವುದು ಆಯಾ ದೇಶದ ಇಚ್ಛೆ ಎಂಬುದೂ ನಮಗೆ ಗೊತ್ತಿದೆ. ಅಮೆರಿಕದ್ದನ್ನೇ ನೋಡಿ. ಉದ್ಯೋಗದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡು, ಅದರಲ್ಲಿ ಒಂದೊಂದು ದೇಶದವರಿಗೆ ಶೇ 7ರ ಮಿತಿ. 2013ರ ಆಸುಪಾಸಿನಲ್ಲಿ ಸರತಿಗೆ ನಿಂತ ಭಾರತೀಯರ ಸರದಿ ಬಂದದ್ದು 2025ರಲ್ಲಿ. ಎಳೆಗೂಸಾಗಿ ಹೋದ ಮೊಮ್ಮಕ್ಕಳಿಗೆ 21 ತುಂಬಿ, ಅಪ್ಪನ ಅರ್ಜಿಯಿಂದ ಹೊರಬೀಳುವ ಭಯ ಕೆಲವು ಮನೆಗಳಲ್ಲಿದೆ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಕೆಲಸದ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್ ಎಂಬ ಘೋಷಣೆಯೂ ಬಂತು. ಇದಕ್ಕೆಲ್ಲ ವಿಧಾನಸೌಧದಲ್ಲಿ ಮದ್ದಿಲ್ಲ.

ಆದರೆ ಪಿಆರ್ ಫೈಲಿನೊಳಗೆ ಇರುವ ಕಾಗದಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಇಲ್ಲೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪದವಿಯ ಟ್ರಾನ್ಸ್‌ಕ್ರಿಪ್ಟ್, ಕಂಪನಿಯ ಅನುಭವ ಪತ್ರ, ಮದುವೆ ನೋಂದಣಿ, ಇವು ಯಾವುವೂ ಒಟ್ಟಾವಾದಲ್ಲೋ ಕ್ಯಾನ್‌ಬೆರಾದಲ್ಲೋ ತಯಾರಾಗುವುದಿಲ್ಲ. ಇವು ತಡವಾದರೆ ಆಗುವ ನಷ್ಟಕ್ಕೆ ಲೆಕ್ಕವಿದೆ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಒಬ್ಬರೇ ಅರ್ಜಿ ಹಾಕಿದರೆ 29 ವಯಸ್ಸಿನವರೆಗೆ ವಯಸ್ಸಿಗೆಂದೇ 110 ಅಂಕ. 30ಕ್ಕೆ 105, 31ಕ್ಕೆ 99, 35ಕ್ಕೆ 77. ಆಸ್ಟ್ರೇಲಿಯಾದಲ್ಲಿ 33 ತುಂಬಿದ ದಿನ 30 ಅಂಕ 25ಕ್ಕೆ ಇಳಿಯುತ್ತದೆ, 45 ತುಂಬಿದರೆ ಬಾಗಿಲೇ ಮುಚ್ಚುತ್ತದೆ. ಕೆನಡಾದ ಆಯ್ಕೆಯಲ್ಲಿ ಒಂದೇ ಅಂಕದಿಂದ ಹೊರಗುಳಿದವರು ನಮ್ಮಲ್ಲಿದ್ದಾರೆ. ಇಲ್ಲಿನ ಯಾವುದೋ ಮೇಜಿನ ಮೇಲೆ ಮೂರು ತಿಂಗಳು ಮಲಗಿದ ಕಾಗದದ ಬೆಲೆ ಅಲ್ಲಿ ಐದಾರು ಅಂಕ. ನಮ್ಮ ಬೇಡಿಕೆಗಳೆಲ್ಲ ಈ ಲೆಕ್ಕದಿಂದ ಹುಟ್ಟಿದವು.

ಮೊದಲನೆಯದು ಹೆಸರಿನದು. ಕೇಳುವವರಿಗೆ ತಮಾಷೆ, ಅನುಭವಿಸುವವರಿಗೆ ಅಲ್ಲ. ಹಳೆ ಮೈಸೂರು ಸೀಮೆಯ ನಮಗೆ ಮನೆತನದ ಅಡ್ಡಹೆಸರು ಎಂಬುದು ಸಾಮಾನ್ಯವಾಗಿ ಇಲ್ಲ. ಮೊದಲ ಇನಿಷಿಯಲ್ಲು ಊರಿನದು, ಎರಡನೆಯದು ಅಪ್ಪನದು, ಆಮೇಲೆ ಹೆಸರು. ಎಚ್.ಎನ್. ಪ್ರಸಾದ್ ಎಂಬ ಹುಡುಗ ಇದ್ದಾನೆಂದು ಇಟ್ಟುಕೊಳ್ಳಿ: ಹುಣಸೂರು ನಾರಾಯಣರ ಮಗ ಪ್ರಸಾದ್. ಎಸ್ಸೆಸ್ಸೆಲ್ಸಿಯಲ್ಲಿ ‘ಪ್ರಸಾದ್ ಎಚ್ ಎನ್’, ಪದವಿ ಪತ್ರದಲ್ಲಿ ‘ಎಚ್ ಎನ್ ಪ್ರಸಾದ್’, ಪಾಸ್‌ಪೋರ್ಟಿನಲ್ಲಿ ‘ಹುಣಸೂರು ನಾರಾಯಣ’ ಎಂಬ ಸರ್‌ನೇಮ್, ಆಧಾರ್‌ನಲ್ಲಿ ಬರೀ ‘ಪ್ರಸಾದ್’. ಅಲ್ಲಿನ ಅಧಿಕಾರಿಯ ಕಣ್ಣಿಗೆ ಇವರು ನಾಲ್ಕು ಜನ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ನಾಮಕರಣದಲ್ಲಿ ಕಿವಿಯಲ್ಲಿ ಮೂರು ಸಲ ಹೇಳಿದ ಹೆಸರು! ಹೆಣ್ಣುಮಕ್ಕಳದು ಇನ್ನೂ ಕಷ್ಟ. ಮದುವೆಯಾದ ಮೇಲೆ ಅಪ್ಪನ ಇನಿಷಿಯಲ್ಲು ಹೋಗಿ ಗಂಡನ ಹೆಸರು ಸೇರುತ್ತದೆ; ಗಂಡನ ಜೊತೆ ಅರ್ಜಿ ಹಾಕುವಾಗ ಅವಳ ಎಂಟು ಸೆಮಿಸ್ಟರಿನ ಅಂಕಪಟ್ಟಿ ಬೇರೆ ಯಾರದೋ ಆಗಿಬಿಡುತ್ತದೆ. ಈಗ ಇದಕ್ಕಿರುವ ಪರಿಹಾರ ಛಾಪಾ ಕಾಗದ, ನೋಟರಿ, ಪತ್ರಿಕಾ ಜಾಹೀರಾತು, ಗೆಜೆಟ್. ಒಂದು ದೇಶ ಒಪ್ಪಿದ್ದನ್ನು ಇನ್ನೊಂದು ಒಪ್ಪುವುದಿಲ್ಲ.

ಆದ್ದರಿಂದ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಮುಂದಿನ ಸಾಲಿನಿಂದಲೇ ಅಂಕಪಟ್ಟಿಯಲ್ಲಿ ಇನಿಷಿಯಲ್ಲುಗಳನ್ನು ಬಿಡಿಸಿ ಪೂರ್ತಿ ಹೆಸರು ಅಚ್ಚು ಮಾಡಲಿ. ಈಗಾಗಲೇ ಓದಿ ಮುಗಿಸಿದವರಿಗೆ ‘ಈ ಎಲ್ಲ ಹೆಸರುಗಳೂ ಒಬ್ಬರವೇ’ ಎಂದು ತಹಶೀಲ್ದಾರರು ಒಂದೇ ಪ್ರಮಾಣಪತ್ರವನ್ನು ಇಂಗ್ಲಿಷ್‌ನಲ್ಲಿ, ಆನ್‌ಲೈನ್‌ನಲ್ಲಿ ಪರಿಶೀಲಿಸಬಹುದಾದ ಸಂಖ್ಯೆಯೊಂದಿಗೆ ಕೊಡುವಂತಾಗಲಿ. ಜಾತಿ, ಆದಾಯಕ್ಕೆ ನಾಡಕಚೇರಿಯಲ್ಲಿ ಪ್ರಮಾಣಪತ್ರ ಸಿಗುವಾಗ ಇದಕ್ಕೂ ಸಿಗಬೇಕು.

ಟ್ರಾನ್ಸ್‌ಕ್ರಿಪ್ಟ್ ವಿಚಾರ. 1998ರವರೆಗೆ ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಆಮೇಲೆ ಬೆಳಗಾವಿಯ ವಿಟಿಯು ಬಂತು. 2016ರಲ್ಲಿ ಎಸ್‌ಜೆಸಿಇ ಜೆಎಸ್‌ಎಸ್ ವಿಜ್ಞಾನ ಮತ್ತು ತಾಂತ್ರಿಕ ವಿಶ್ವವಿದ್ಯಾನಿಲಯದ ಭಾಗವಾಯಿತು. ಒಂದೇ ಮನೆಯಲ್ಲಿ ಅಪ್ಪ, ಅಕ್ಕ, ತಮ್ಮ ಮೂವರೂ ಎಂಜಿನಿಯರುಗಳಾದರೆ ಮೂರು ವಿಶ್ವವಿದ್ಯಾನಿಲಯ. ಯಾವುದೇ ಇರಲಿ, ಟ್ರಾನ್ಸ್‌ಕ್ರಿಪ್ಟ್ ಇರುವ ಮುಚ್ಚಿದ ಲಕೋಟೆ ಎಷ್ಟು ದಿನದಲ್ಲಿ ಹೊರಬೀಳುತ್ತದೆ ಎಂಬುದಕ್ಕೆ ಬರೆದಿಟ್ಟ ಗಡುವು ಬೇಕು. ಸಕಾಲ ಸೇವೆಗೆ 2011ರಲ್ಲೇ ಕಾನೂನು ಮಾಡಿದ ರಾಜ್ಯ ನಮ್ಮದು. ರಾಜ್ಯದ ಎಲ್ಲ ವಿಶ್ವವಿದ್ಯಾನಿಲಯಗಳ ಟ್ರಾನ್ಸ್‌ಕ್ರಿಪ್ಟ್‌ಗೂ ಅದೇ ಮಾದರಿಯಲ್ಲಿ 15 ದಿನದ ಮಿತಿ ಹಾಕಿ. ವಿಟಿಯುಗೆ ಮೈಸೂರಿನಲ್ಲೇ ಪ್ರಾದೇಶಿಕ ಕಚೇರಿ ಇದೆ. ಅರ್ಜಿಯಿಂದ ಸೀಲಿನವರೆಗೆ ಎಲ್ಲ ಅಲ್ಲೇ ಮುಗಿದರೆ, ಮಗ ಟೊರೊಂಟೊದಲ್ಲಿದ್ದಾನೆಂದು ಅವನ ಪರವಾಗಿ ಎಪ್ಪತ್ತರ ಅಪ್ಪ ಬೆಳಗಾವಿಗೆ ರಾತ್ರಿ ಬಸ್ಸು ಹತ್ತುವುದು ತಪ್ಪುತ್ತದೆ.

ಇನ್ನೊಂದು, ಸೀಟು ತೆಗೆದುಕೊಳ್ಳುವಾಗ ನಮಗೆ ಯಾರೂ ಹೇಳದ ಸಂಗತಿ. ಎಂಜಿನಿಯರಿಂಗ್ ಪದವಿಯನ್ನು ದೇಶದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರ ಜೂನ್ 13ರಂದು ಪೂರ್ಣ ಸದಸ್ಯನಾಯಿತು. ಎಲ್ಲ ಬಿ.ಇ.ಗೂ ಇದು ಅನ್ವಯಿಸುತ್ತದೆ ಎಂದು ನಾವು ತಿಳಿದಿದ್ದೆವು. ಹಾಗಿಲ್ಲ. ರಾಷ್ಟ್ರೀಯ ಮಾನ್ಯತಾ ಮಂಡಳಿ, ಅಂದರೆ ಎನ್‌ಬಿಎ, ಟಯರ್-1 ಎಂದು ಮಾನ್ಯ ಮಾಡಿದ ವಿಭಾಗಗಳಿಗೆ ಮಾತ್ರ, ಅದೂ ಮಾನ್ಯತೆ ಇದ್ದ ವರ್ಷಗಳಿಗೆ ಮಾತ್ರ. ಟಯರ್-1 ಸ್ವಾಯತ್ತ ಕಾಲೇಜುಗಳಿಗೆ; ಸಂಯೋಜಿತ ಕಾಲೇಜುಗಳಿಗೆ ಸಿಗುವುದು ಟಯರ್-2, ಅದು ಒಪ್ಪಂದದ ಹೊರಗೆ. ಹೀಗಾಗಿ ಒಂದೇ ಬೀದಿಯ ಇಬ್ಬರು ಮೆಕ್ಯಾನಿಕಲ್ ಪದವೀಧರರಲ್ಲಿ ಒಬ್ಬನ ಅರ್ಜಿಯನ್ನು ಎಂಜಿನಿಯರ್ಸ್ ಆಸ್ಟ್ರೇಲಿಯಾ ಪದವಿ ನೋಡಿಯೇ ಒಪ್ಪಬಹುದು, ಇನ್ನೊಬ್ಬ ಸಿಡಿಆರ್ ಎಂಬ ವರದಿ ಬರೆಯಬೇಕು. ತಾನು ಮಾಡಿದ ಕೆಲಸದ ಮೇಲೆ ಮೂರು ದೀರ್ಘ ಲೇಖನ, ಪ್ರತಿಯೊಂದೂ ಕನಿಷ್ಠ ಸಾವಿರ ಪದ, ತನ್ನದೇ ಮಾತಿನಲ್ಲಿ.

ಆದ್ದರಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸಿಇಟಿ ಆಪ್ಷನ್ ಎಂಟ್ರಿಯ ಪುಟದಲ್ಲಿ ಪ್ರತಿ ಕಾಲೇಜಿನ ಪ್ರತಿ ವಿಭಾಗದ ಎದುರು ಎನ್‌ಬಿಎ ಟಯರ್ ಯಾವುದು, ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂದು ನಮೂದಿಸಬೇಕು. ಶುಲ್ಕ ತೋರಿಸುವ ಜಾಗದಲ್ಲಿ ಇನ್ನೊಂದು ಕಾಲಮ್ಮು, ಅಷ್ಟೇ. ಹದಿನೆಂಟು ವರ್ಷದ ಹುಡುಗಿ ತಿಳಿದು ಆರಿಸಿಕೊಳ್ಳಲಿ.

ಅನುಭವ ಪತ್ರದ್ದು ದೊಡ್ಡ ಗೋಳು. ನಮ್ಮ ಕಂಪನಿಗಳು ಕೊಡುವ ರಿಲೀವಿಂಗ್ ಲೆಟರ್‌ನಲ್ಲಿ ಹುದ್ದೆ ಮತ್ತು ಎರಡು ದಿನಾಂಕ ಇರುತ್ತವೆ. ಕೆನಡಾ ಕೇಳುವುದು ಕೆಲಸದ ವಿವರ, ವಾರದ ಗಂಟೆ, ಸಂಬಳ. ಕಂಪನಿಯ ಎಚ್‌ಆರ್ ‘ನಮ್ಮ ನಮೂನೆ ಇಷ್ಟೇ’ ಎಂದು ಕೈ ತೊಳೆಯುತ್ತಾರೆ. ಸಹಿದಾರರೊಬ್ಬರ ಮಗಳು ಆರು ವರ್ಷ ದುಡಿದ ಕಂಪನಿಯಿಂದ ಅರ್ಧ ಪುಟದ ಪತ್ರಕ್ಕಾಗಿ ಏಳು ತಿಂಗಳು ಅಲೆದು, ಕೊನೆಗೆ ಹಳೆಯ ಟೀಮ್ ಲೀಡರ್ ಕೈಯಲ್ಲಿ ಪ್ರಮಾಣಪತ್ರ ಬರೆಸಿಕೊಂಡಳು. ಅಷ್ಟರಲ್ಲಿ ಅವಳಿಗೆ 31 ತುಂಬಿತ್ತು. ಐಟಿ ಕಂಪನಿಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ ರಾಜ್ಯ ಸರ್ಕಾರ ವಿನಾಯಿತಿ ಕೊಡುತ್ತ ಬಂದಿದೆ. 2024ರ ಜೂನ್‌ನಲ್ಲಿ ಮತ್ತೆ ಐದು ವರ್ಷಕ್ಕೆ, ಷರತ್ತುಗಳ ಮೇಲೆ ವಿಸ್ತರಿಸಿದೆ. ಆ ಷರತ್ತುಗಳ ಜೊತೆ ಇದೂ ಒಂದು ಸೇರಲಿ: ಕೇಳಿದ 15 ದಿನದೊಳಗೆ ಕೆಲಸದ ಸ್ವರೂಪ, ಅವಧಿ, ಸಂಬಳ ಬರೆದ ಪತ್ರ ಕೊಡಬೇಕು. ಹೂಟಗಳ್ಳಿ, ಮೇಟಗಳ್ಳಿ, ನಂಜನಗೂಡಿನ ಕಡೆ ಬಾಗಿಲು ಮುಚ್ಚಿದ ಕಾರ್ಖಾನೆಗಳಲ್ಲಿ ದುಡಿದವರಿಗೆ ಕೇಳಲು ಬಾಗಿಲೇ ಇಲ್ಲ. ಅಂಥ ಕಾರ್ಖಾನೆ ಇಂಥ ವರ್ಷದಿಂದ ಇಂಥ ವರ್ಷದವರೆಗೆ ನಡೆಯುತ್ತಿತ್ತು ಎಂದು ಕಾರ್ಖಾನೆಗಳ ಇಲಾಖೆ ಒಂದು ದೃಢೀಕರಣ ಕೊಟ್ಟರೆ, ಭವಿಷ್ಯನಿಧಿಯ ಪಾಸ್‌ಬುಕ್ ಜೊತೆ ಸೇರಿಸಿ ಕಳಿಸಬಹುದು.

ಈಗ ಕನ್ಸಲ್ಟೆನ್ಸಿಗಳು. ಈ ತೊಡಕುಗಳೇ ಅವರ ಬಂಡವಾಳ. ‘ನೀವು ಚಿಂತೆ ಬಿಡಿ ಅಂಕಲ್, ಗ್ಯಾರಂಟಿ ಪಿಆರ್’ ಎನ್ನುವ ಫೋನು ನಮ್ಮಲ್ಲಿ ಯಾರಿಗೆ ಬಂದಿಲ್ಲ? ಒಬ್ಬರು ಒಂದೂವರೆ ಲಕ್ಷ ಕಟ್ಟಿದರು. ಒಪ್ಪಂದದ ಹನ್ನೊಂದನೇ ಪುಟದಲ್ಲಿ, ಹಣ ವಾಪಸಿಲ್ಲ ಎಂದು ಸಣ್ಣಕ್ಷರದಲ್ಲಿತ್ತು. ಇನ್ನೊಬ್ಬರ ಮಗನಿಗೆ ಬೇರೊಂದು ಕಡೆ ಸಿದ್ಧ ಸಿಡಿಆರ್ ಮಾರಿದರು. ಅದೇ ಸೇತುವೆ, ಅದೇ ಕಾಂಕ್ರೀಟು, ಇನ್ನೆಷ್ಟು ಜನರ ಹೆಸರಲ್ಲಿ ಹೋಗಿತ್ತೋ. ನಕಲು ಸಿಕ್ಕಿಬಿದ್ದರೆ ನಿಷೇಧ ಬೀಳುವುದು ಹುಡುಗನ ಮೇಲೆ, ಮಾರಿದವರ ಮೇಲಲ್ಲ. ಸುಳ್ಳು ದಾಖಲೆಗೆ ಕೆನಡಾದಲ್ಲಿ ಐದು ವರ್ಷದ ನಿಷೇಧವಿದೆ.

1983ರ ವಲಸೆ ಕಾಯ್ದೆ ನೋಂದಣಿ ಕಡ್ಡಾಯ ಮಾಡಿರುವುದು ಹೊರದೇಶದ ಕೆಲಸಕ್ಕೆ ಜನರನ್ನು ನೇಮಿಸುವ ಏಜೆಂಟರಿಗೆ. ಕೆಲಸ ಕೊಡಿಸುತ್ತೇವೆ ಎನ್ನದೆ ಬರೀ ‘ಫೈಲು ಹಾಕಿಕೊಡುತ್ತೇವೆ’ ಎನ್ನುವವರು ಅದರ ಕೈಗೆ ಸಿಗುವುದಿಲ್ಲ. ಪಂಜಾಬ್ 2012ರಲ್ಲೇ ಇಂಥವರಿಗೂ ಪರವಾನಗಿ ಕಡ್ಡಾಯ ಮಾಡುವ ಕಾನೂನು ತಂದಿತು. ಕೆನಡಾ ತನ್ನ ಕಡೆಯಿಂದ, ಹಣ ಪಡೆದು ವಲಸೆ ಸಲಹೆ ಕೊಡುವವರು ವಕೀಲರೋ ನೋಂದಾಯಿತ ಸಲಹೆಗಾರರೋ ಆಗಿರಬೇಕು ಎನ್ನುತ್ತದೆ; ಅವರ ಪಟ್ಟಿ ಯಾರು ಬೇಕಾದರೂ ನೋಡಬಹುದು. ಪಂಜಾಬಿನಂಥ ಕಾನೂನು ಇಲ್ಲೂ ಬರಲಿ. ಅದು ಬರುವವರೆಗೆ ಕಾಯಬೇಕಿಲ್ಲ: ಇಂಥ ಕಚೇರಿಗಳ ಬೋರ್ಡಿನ ಮೇಲೂ ರಸೀದಿಯ ಮೇಲೂ ಅವರ ನೋಂದಣಿ ಸಂಖ್ಯೆ ಇರಬೇಕೆಂದು ಜಿಲ್ಲಾಡಳಿತ ಮತ್ತು ಪಾಲಿಕೆ ಉದ್ದಿಮೆ ಪರವಾನಗಿ ಕೊಡುವಾಗಲೇ ಷರತ್ತು ಹಾಕಬಹುದು. 1983ರ ಕಾಯ್ದೆಯ ಜಾಗಕ್ಕೆ ಹೊಸ ಮಸೂದೆಯ ಕರಡನ್ನು ಕೇಂದ್ರ ವಿದೇಶಾಂಗ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿ ಅಭಿಪ್ರಾಯ ಕೇಳಿತು. ಪಿಆರ್ ಕನ್ಸಲ್ಟೆನ್ಸಿಗಳೂ ಅದರ ವ್ಯಾಪ್ತಿಗೆ ಬರಬೇಕೆಂದು ತಮ್ಮ ಸಮಿತಿ ಕೂಡಲೇ ಬರೆಯಬೇಕು ಎಂಬುದು ನಮ್ಮ ಒತ್ತಾಯ.

ಜನ ಕನ್ಸಲ್ಟೆನ್ಸಿಗೆ ಹೋಗುವುದು ಕೇಳಲು ಬೇರೆ ಜಾಗವಿಲ್ಲದ್ದರಿಂದ. ಕೌಶಲ್ಯಾಭಿವೃದ್ಧಿ ನಿಗಮದಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ. ಅದರ ಒಂದು ಮೇಜು ಮೈಸೂರಿಗೂ ಬರಲಿ, ತಿಂಗಳಿಗೆ ಎರಡು ಶನಿವಾರವಾದರೂ. ಉದಾಹರಣೆಗೆ, ಜರ್ಮನಿಯ ಬ್ಲೂ ಕಾರ್ಡಿನಲ್ಲಿ ದುಡಿಯುವವರಿಗೆ ಕಾಯಂ ವಾಸ 27 ತಿಂಗಳಿಗೆ; ಬಿ1 ಮಟ್ಟದ ಜರ್ಮನ್ ಬಂದರೆ 21ಕ್ಕೇ. ಭಾಷೆ ಕಲಿತರೆ ಆರು ತಿಂಗಳು ಉಳಿಯುತ್ತದೆಂದು ಹೋಗುವ ಮುಂಚೆ ಹೇಳುವವರು ಒಬ್ಬರಿದ್ದರೆ ಸಾಕಿತ್ತು. ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ಇರುವ ಊರಿನಲ್ಲಿ ಭಾಷೆ ಕಲಿಸುವವರಿಗೆ ಬರವಿರಬಾರದು.

ವಾಪಸು ಬರುವವರ ಮಾತೂ ಒಂದಿದೆ. ಸಾಮಾಜಿಕ ಭದ್ರತೆಯ ಒಪ್ಪಂದ ಕೆನಡಾ, ಆಸ್ಟ್ರೇಲಿಯಾ, ಜರ್ಮನಿಗಳ ಜೊತೆ ಭಾರತಕ್ಕಿದೆ. ಅಮೆರಿಕದ ಜೊತೆ ಇಲ್ಲ. ಅಲ್ಲಿ ಹತ್ತು ವರ್ಷದ ಕಂತು ತುಂಬದೆ ಮರಳಿದವರಿಗೆ ನಿವೃತ್ತಿ ವೇತನದ ಹಕ್ಕು ಹುಟ್ಟುವುದಿಲ್ಲ, ಕಟ್ಟಿದ್ದು ಅಲ್ಲೇ ಉಳಿಯುತ್ತದೆ. ಗ್ರೀನ್ ಕಾರ್ಡಿಗೆ ಕಾದು ಸೋತು ಬರುವವರಿಗೆ ಇದು ಎರಡನೇ ಪೆಟ್ಟು. ಈ ಒಪ್ಪಂದಕ್ಕೆ ಕೇಂದ್ರದ ಮೇಲೆ ಒತ್ತಡ ತರಲು, ಇಷ್ಟೊಂದು ಎಂಜಿನಿಯರುಗಳನ್ನು ಕಳಿಸಿರುವ ಕರ್ನಾಟಕಕ್ಕೆ ಹಕ್ಕಿದೆ ಎಂದು ನಾವು ನಂಬಿದ್ದೇವೆ.

ಈ ವಿಚಾರವಾಗಿ ಉನ್ನತ ಶಿಕ್ಷಣ, ಕಾರ್ಮಿಕ, ಕಂದಾಯ ಇಲಾಖೆಗಳ ಅಧಿಕಾರಿಗಳನ್ನು ಕರೆದು ಮೈಸೂರಿನಲ್ಲೇ ಒಂದು ಸಭೆ ನಡೆಸಬೇಕೆಂದು ಕೋರುತ್ತೇವೆ. ಸಭೆ ಬೆಳಗಿನ ಹೊತ್ತಿಗಿದ್ದರೆ ಅನುಕೂಲ. ಹತ್ತೂವರೆಗೆ ಇಟ್ಟರೆ ಕೆನಡಾದ ಪೂರ್ವ ತೀರದಲ್ಲಿ ರಾತ್ರಿ ಒಂದಾದರೂ ನಮ್ಮ ಮಕ್ಕಳು ಎಚ್ಚರವಿದ್ದು ವಿಡಿಯೊ ಮೂಲಕ ಮಾತಾಡಲು ಒಪ್ಪಿದ್ದಾರೆ. ಹೆಸರು ವ್ಯತ್ಯಾಸದ ಮಾದರಿ ದಾಖಲೆಗಳನ್ನೂ ಕನ್ಸಲ್ಟೆನ್ಸಿ ಒಪ್ಪಂದಗಳ ನೆರಳಚ್ಚು ಪ್ರತಿಗಳನ್ನೂ, ಗುರುತು ಮರೆಮಾಡಿ, ಲಗತ್ತಿಸಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ವಿಜಯನಗರದ ನಿವಾಸಿಗಳು
(ಸಹಿಗಳ ಪಟ್ಟಿ ಲಗತ್ತಿಸಿದೆ)

ಪ್ರತಿಗಳು:
ಪ್ರಧಾನ ಕಾರ್ಯದರ್ಶಿಗಳು, ಉನ್ನತ ಶಿಕ್ಷಣ ಇಲಾಖೆ, ಬೆಂಗಳೂರು
ಕುಲಸಚಿವರು, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಬೆಳಗಾವಿ
ವ್ಯವಸ್ಥಾಪಕ ನಿರ್ದೇಶಕರು, ಕರ್ನಾಟಕ ಕೌಶಲ್ಯಾಭಿವೃದ್ಧಿ ನಿಗಮ, ಬೆಂಗಳೂರು
ಆಯುಕ್ತರು, ಮೈಸೂರು ಮಹಾನಗರ ಪಾಲಿಕೆ